ಮೂರು ಬಗೆಯ ಪರಿವರ್ತಕ, ಒಂದು ಸಹಿ

ಆವರ್ತನ ಪರಿವರ್ತಕಗಳ ದುರಸ್ತಿಯಲ್ಲಿ ಮೂವತ್ತೈದು ವರ್ಷ ಪಳಗಿ, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಕಾರ್ಯಾಗಾರದ ಮುಖ್ಯಸ್ಥರನ್ನು ಎಲ್ಲರೂ ಕರೆಯುವುದು 'ಮೇಷ್ಟ್ರು' ಎಂದೇ. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಹಾಗೆಂದು ಬಾಯಿಗೆ ಬಿಡುವು ಕೊಟ್ಟವರೂ ಅಲ್ಲ.

ಒಂದು ಆವರ್ತನದ ವಿದ್ಯುತ್ತನ್ನು ಪಡೆದು ಇನ್ನೊಂದು ಆವರ್ತನದಲ್ಲಿ ಕೊಡುವ ಈ ಯಂತ್ರಗಳನ್ನು ಪುಸ್ತಕಗಳು ಹತ್ತಾರು ಬಗೆಯಾಗಿ ವಿಂಗಡಿಸುತ್ತವೆ. ಮೇಷ್ಟ್ರದು ಮಾತ್ರ ಒಂದೇ ಪ್ರಶ್ನೆ: ಸ್ವಿಚ್ ಆರಿಸಿದ ಮೇಲೆ ಒಳಗೆ ಏನು ಉಳಿಯುತ್ತದೆ? ಮೋಟಾರಿನಿಂದ ಜನರೇಟರ್ ತಿರುಗಿಸುವ ಹಳೆಯ ಬಗೆಯಲ್ಲಿ ತಿರುಗಾಟ ಉಳಿಯುತ್ತದೆ. ಅದಕ್ಕೆ ಹಳದಿ ಚೀಟಿ. ಎಸಿಯನ್ನು ಡಿಸಿ ಮಾಡಿ, ಕೆಪಾಸಿಟರುಗಳಲ್ಲಿ ತುಂಬಿಟ್ಟುಕೊಂಡು, ಮತ್ತೆ ಎಸಿಯಾಗಿಸುವ ಬಗೆಯಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ತು ನಿಮಿಷಗಟ್ಟಲೆ ಉಳಿಯುತ್ತದೆ, ಅದಕ್ಕೆ ಕೆಂಪು. ನಡುವೆ ಡಿಸಿಯೇ ಇಲ್ಲದ ನೇರ ಬಗೆಯಲ್ಲಿ ಹೆಚ್ಚೇನೂ ಉಳಿಯದು, ಅದಕ್ಕೆ ಹಸಿರು. ಎಂಜಿನಿಯರು ಚೀಟಿ ಬರೆಯಬೇಕು, ಮೇಷ್ಟ್ರು ಸಹಿ ಹಾಕಬೇಕು, ಆಮೇಲೆ ಅದು ಯಂತ್ರವಿರುವ ಪ್ಯಾನೆಲಿನ ಬಾಗಿಲಿಗೆ ಏರಬೇಕು. ಬರೆದವರ ಹೆಸರಿಗೆ ಚೀಟಿಯಲ್ಲಿ ಜಾಗವಿರಲಿಲ್ಲ.

ಬಹಳ ವರ್ಷಗಳ ಹಿಂದಿನ ಮಾತು. ಈ ಲೇಖನದ ಲೇಖಕಿ ಎಂಜಿನಿಯರಾಗಿ ಕೆಲಸಕ್ಕೆ ಸೇರಿ ಆಗಿನ್ನೂ ಒಂದು ವರ್ಷ. ಕೆಲಸ ಕಾಯಂ ಆಗಿರಲಿಲ್ಲ, ಜಂಬಕ್ಕೇನೂ ಕೊರತೆಯಿರಲಿಲ್ಲ. ಹೊಸದಾಗಿ ಬಂದ ಪ್ಯಾನೆಲೊಂದು ಹೊರಗಿನಿಂದ ಪಕ್ಕದ ನೇರ ಬಗೆಯ ಯಂತ್ರದಂತೆಯೇ ಕಂಡಿತು. ಬಾಗಿಲು ತೆರೆದು ನೋಡುವ ಗೋಜಿಗೇ ಹೋಗದೆ ಅವಳು ಹಸಿರು ಚೀಟಿ ಬರೆದಳು. ಅವಳನ್ನು ನಂಬಿದ ಮೇಷ್ಟ್ರು ಸಹಿ ಹಾಕಿದರು. ಮರುದಿನ ಹಿರಿಯ ಫಿಟ್ಟರು ಸ್ವಿಚ್ ಆರಿಸಿ, ಹಸಿರು ನೋಡಿ, ನಿಶ್ಚಿಂತೆಯಿಂದ ಒಳಗಿನ ಬೋಲ್ಟಿಗೆ ಸ್ಪ್ಯಾನರ್ ಇಟ್ಟರು. ಒಳಗಿದ್ದದ್ದು ಕೆಪಾಸಿಟರುಗಳ ಬಗೆ; ಸಿಡಿದ ಕಿಡಿಗೆ ಸ್ಪ್ಯಾನರಿನ ತುದಿ ಕರಗಿತು, ಅವರ ಅಂಗೈ ಸುಟ್ಟಿತು. ಗಾಯ ಮಾಯಲು ಒಂದು ತಿಂಗಳು ಹಿಡಿಯಿತು; ಜಂಬ ಇಳಿಯಲು ಒಂದು ಗಳಿಗೆ ಸಾಕಾಯಿತು.

ವಿಚಾರಣೆಯ ದಿನ ತನ್ನ ಕೆಲಸ ಹೋಯಿತೆಂದೇ ಅವಳು ಅಂದುಕೊಂಡಿದ್ದಳು. ಚೀಟಿ ಯಾರದೆಂದು ಅಧಿಕಾರಿ ಕೇಳಿದರು. ಮೇಷ್ಟ್ರು ಎದ್ದು ನಿಂತರು.

"ಸಹಿ ನಂದು ಸಾರ್. ಅಳತೆ ಮಾಡದೆ ಹಾಕಿದ್ದೂ ನಾನೇ."

ಅದರಿಂದ ಅವರ ಬಡ್ತಿ ಐದು ವರ್ಷ ಮುಂದಕ್ಕೆ ಹೋಯಿತು. ಆದರೆ ಲೇಖಕಿಯನ್ನು ಅವರು ಸುಮ್ಮನೆ ಬಿಡಲಿಲ್ಲ. ಅದೇ ಸಂಜೆ ಫಿಟ್ಟರ ಮನೆಗೆ ಕರೆದೊಯ್ದು, ನಡೆದದ್ದನ್ನು ಅವಳ ಬಾಯಿಂದಲೇ ಹೇಳಿಸಿದರು. ಫಿಟ್ಟರು ಎಲ್ಲ ಕೇಳಿ, ಪಟ್ಟಿ ಸುತ್ತಿದ ಕೈ ನೋಡಿಕೊಂಡು, "ಮೀಟರು ನನ್ನ ಜೇಬಲ್ಲೇ ಇತ್ತಮ್ಮ, ನಾನೂ ತೆಗೀಲಿಲ್ಲ" ಎಂದರು. ಮರುವಾರದಿಂದ ಬರೆಯುವವರು, ಸಹಿ ಹಾಕುವವರು, ಕೈಹಾಕುವವರು ಮೂವರೂ ಬೇರೆಬೇರೆಯಾಗಿ ಅಳೆಯಬೇಕೆಂಬ ನಿಯಮ ಬಂತು. ಹತ್ತೊಂಬತ್ತು ವರ್ಷಗಳಿಂದ ಇಲ್ಲಿ ಯಾರ ಕೈಯೂ ಸುಟ್ಟಿಲ್ಲ.

ಈ ಸಂಗತಿಯನ್ನು ಬರೆಯಲು ಅನುಮತಿ ಕೇಳಿದಾಗ ಮೇಷ್ಟ್ರು ಕನ್ನಡಕ ಒರೆಸುತ್ತ, "ಬರಿ. ಆದ್ರೆ ನನ್ನ ಪಾಲಿನ ತಪ್ಪನ್ನ ಕಡಿಮೆ ಮಾಡ್ಬೇಡ" ಎಂದರು. ಕಡಿಮೆ ಮಾಡಿಲ್ಲ. ಅವರಿಗೆ ದೀರ್ಘಾಯುಷ್ಯ, ಗಟ್ಟಿ ಆರೋಗ್ಯ ಇರಲಿ. ಆಗಾಗ ಬಂದು ನಮ್ಮನ್ನು ಗದರುವ ಕೆಲಸಕ್ಕೆ ಅವರು ಎಂದೂ ನಿವೃತ್ತಿ ಪಡೆಯದಿರಲಿ. ಇಷ್ಟು ಹೊತ್ತು 'ಲೇಖಕಿ' ಎಂಬ ಮರೆಯಲ್ಲಿ ನಿಂತದ್ದು ಸಾಕು: ಆ ಚೀಟಿ ಬರೆದವಳು ನಾನು.