ಬೊಂಬೆಗೆ ಕಿವಿಯಿರಲಿಲ್ಲ

ಭದ್ರಾವತಿಯ ಒಂದು ಖಾಸಗಿ ಫೌಂಡ್ರಿಯಲ್ಲಿ ಸೇಫ್ಟಿ ಆಫೀಸರ್ ಆಗಿದ್ದು ನಿವೃತ್ತನಾದ ಮರುವರ್ಷದ ಬೇಸಿಗೆಯಲ್ಲಿ ನಡೆದದ್ದಿದು. ಆಗ ನಾನು ಕೆಲಸದಲ್ಲಿರಲಿಲ್ಲವಾದ್ದರಿಂದ ಇದನ್ನು ವೃತ್ತಿಯ ಅನುಭವ ಎನ್ನಬಹುದೇ ಎಂದು ಯಾರಾದರೂ ಕೇಳಬಹುದು. ಎನ್ನಬಹುದು. ಉದ್ಯೋಗದುದ್ದಕ್ಕೂ ಬೇರೆಯವರಿಗೆ ಕಲಿಸಿದ ಪಾಠ ಅಂದು ನನ್ನ ಮೈಮೇಲೆಯೇ ಪ್ರಯೋಗವಾಯಿತು.

ಸೇಫ್ಟಿ ಆಫೀಸರ್‌ನದು ಬೇಡ ಎನ್ನುವ ಕೆಲಸ. ಚಪ್ಪಲಿ ಹಾಕಿಕೊಂಡು ಒಳಗೆ ಬರಬೇಡ, ಕ್ರೇನಿನ ಕೆಳಗೆ ನಿಲ್ಲಬೇಡ, ಓಡುತ್ತಿರುವ ಬೆಲ್ಟ್ ದಾಟಬೇಡ. ಕಾರ್ಮಿಕರು ನನಗೆ ‘ಬೇಡಪ್ಪ’ ಎಂದು ಹೆಸರಿಟ್ಟಿದ್ದರು. ನನಗೆ ಗೊತ್ತಿಲ್ಲ ಎಂದುಕೊಂಡಿದ್ದರು, ನನಗೆ ಗೊತ್ತಿತ್ತು, ಸ್ವಲ್ಪ ಹೆಮ್ಮೆಯೂ ಇತ್ತು. ಆ ಬೇಡಗಳಲ್ಲೆಲ್ಲ ದೊಡ್ಡದು, ಗುಂಡಿಯಲ್ಲಿ ಬಿದ್ದವನನ್ನು ಎಳೆಯಲು ಓಡಬೇಡ ಎನ್ನುವುದು. ಫೌಂಡ್ರಿಯ ಆಳದ ಗುಂಡಿಗಳಲ್ಲಿ ಕೆಲವೊಮ್ಮೆ ಕಾರ್ಬನ್ ಮಾನಾಕ್ಸೈಡ್ ಸೇರಿಕೊಳ್ಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಒಬ್ಬ ಬೀಳುತ್ತಾನೆ. ಅವನ ಗೆಳೆಯ ಮನಸ್ಸು ತಡೆಯದೆ ಧುಮುಕುತ್ತಾನೆ, ಅವನೂ ಅಲ್ಲೇ ಉಳಿಯುತ್ತಾನೆ. ಆದ್ದರಿಂದ ಮೊದಲು ಅಪಾಯದ ಮೂಲ ಮುಚ್ಚಬೇಕು, ಆಮೇಲೆ ಮನುಷ್ಯನ ಮೇಲೆ ಕೈ ಹಾಕಬೇಕು.

ಇದನ್ನು ಕಲಿಸಲು ಮಾಕ್ ಡ್ರಿಲ್, ಅಂದರೆ ಅಪಘಾತದ ತಾಲೀಮು ನಡೆಸುತ್ತಿದ್ದೆ. ಗೋಣಿಚೀಲಕ್ಕೆ ಮರಳು ತುಂಬಿ, ಹಳೆಯ ಪ್ಯಾಂಟು ಶರ್ಟು ತೊಡಿಸಿದ ಬೊಂಬೆಯೊಂದನ್ನು ಗುಂಡಿಯಲ್ಲಿ ಮಲಗಿಸುವುದು. ಅದನ್ನು ಎಳೆಯಲು ಓಡಿದವರ ಭುಜ ತಟ್ಟಿ, “ಎರಡನೇ ಹೆಣ. ಪಕ್ಕಕ್ಕೆ ನಿಂತ್ಕೊಳ್ಳಿ” ಎನ್ನುತ್ತಿದ್ದೆ. ಟ್ರೈನಿಯಾಗಿ ಬಂದ ಶೈಲಜಾ ಎಂಬ ಇಂಜಿನಿಯರ್ ಮೊದಲ ದಿನವೇ ಎರಡನೇ ಹೆಣವಾದಳು. ತಾಲೀಮು ಮುಗಿಯುವವರೆಗೂ ಗೋಡೆಗೊರಗಿ ನಿಂತಿದ್ದಳು. ನಾನು ನಿವೃತ್ತನಾದಾಗ ನನ್ನ ಕುರ್ಚಿಗೆ ಬಂದವಳು ಅವಳೇ.

ನಮ್ಮಿಬ್ಬರಿಗೂ ಹಳೆಯ ಬೈಕುಗಳ ಹುಚ್ಚು. ನನ್ನದು ಎರಡು ಸೈಲೆನ್ಸರಿನ ಟೂ-ಸ್ಟ್ರೋಕ್. ಸ್ಟಾರ್ಟ್ ಮಾಡುವ ಕಿಕ್ಕರನ್ನೇ ಮುಂದಕ್ಕೆ ಮಡಚಿದರೆ ಗೇರ್ ಲಿವರ್ ಆಗುವ ಬಗೆಯದು. ಅವಳದು ಮಾವನವರಿಂದ ಬಂದ ಇನ್ನೊಂದು ಟೂ-ಸ್ಟ್ರೋಕ್. ಶಿವಮೊಗ್ಗದ ಬೈಕ್ ಪ್ರಿಯರು ಸೇರಿ ಹಳೆಯ ಬೈಕುಗಳಿಗೆಂದೇ ಎಂಡ್ಯೂರೋ ಎಂಬ ಪಂದ್ಯ ನಡೆಸುತ್ತಾರೆಂದು ಗೊತ್ತಾದಾಗ ಇಬ್ಬರೂ ಹೆಸರು ಕೊಟ್ಟೆವು. ಎಂಡ್ಯೂರೋದಲ್ಲಿ ಎಲ್ಲರಿಗಿಂತ ಮುಂದೆ ಹೋದವನು ಗೆಲ್ಲುವುದಿಲ್ಲ. ಮಣ್ಣುದಾರಿಯ ಪ್ರತಿ ಚೆಕ್‌ಪೋಸ್ಟಿಗೂ ಗೊತ್ತುಮಾಡಿದ ನಿಮಿಷಕ್ಕೆ ಸರಿಯಾಗಿ ತಲುಪಬೇಕು. ತಡವಾದರೂ ಅಂಕ ಕಳೆಯುತ್ತಾರೆ, ಬೇಗ ಬಂದರೂ ಕಳೆಯುತ್ತಾರೆ. ಇದು ನನ್ನಂಥವನಿಗೆ ಹೇಳಿ ಮಾಡಿಸಿದ ಆಟ. ಜೊತೆಗೆ ಇನ್ನೊಂದು ನಿಯಮ: ದಾರಿಯಲ್ಲಿ ಬೈಕು ಕೆಟ್ಟರೆ, ಬಿದ್ದರೆ, ಸವಾರನಲ್ಲದೆ ಹೊರಗಿನವರು ಯಾರೂ ಅದನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಸವಾರ ಔಟ್.

“ಊರಿಗೆಲ್ಲ ಬುದ್ಧಿ ಹೇಳಿ ಹೇಳಿ, ಈಗ ನೀವೇ ಬೀಳೋಕೆ ಹೊರಟ್ರಾ?” ಎಂದಳು ನನ್ನ ಹೆಂಡತಿ. ಹೆಲ್ಮೆಟ್, ಮೊಣಕಾಲಿನ ಗಾರ್ಡ್, ಬೂಟು ಎಲ್ಲ ತೋರಿಸಿ ಅವಳ ಬಾಯಿ ಮುಚ್ಚಿಸಿದೆ. ಪ್ಯಾಂಟು ಮಾತ್ರ ಮಾಮೂಲಿ ಕಾಟನ್ನಿನದಾಗಿತ್ತು.

ಬೆಳಿಗ್ಗೆ ಆಲ್ಕೊಳ ಸರ್ಕಲ್ ಬಳಿಯ ಮೈದಾನದಿಂದ ಒಬ್ಬೊಬ್ಬರನ್ನಾಗಿ, ನಡುವೆ ಸ್ವಲ್ಪ ಅಂತರವಿಟ್ಟು ಬಿಟ್ಟರು. ನನ್ನ ಹಿಂದಿನ ಸರದಿ ಶೈಲಜಾಳದು. “ನಿಧಾನ ಹೋಗಿ ಸಾರ್, ನಿಮ್ಮ ಧೂಳು ಕುಡಿಯೋಕೆ ನನಗಿಷ್ಟ ಇಲ್ಲ” ಎಂದು ನಕ್ಕಳು. ಶಂಕರಘಟ್ಟದವರೆಗೆ ನನಗೆ ಒಂದು ಅಂಕವೂ ಹೋಗಿರಲಿಲ್ಲ. ವಯಸ್ಸಿಗೆ ತಕ್ಕದ್ದಲ್ಲದ ಒಂದು ಸಂತೋಷ ಮೈಯೆಲ್ಲ ತುಂಬಿಕೊಂಡಿತ್ತು, ಸುಳ್ಳೇಕೆ ಹೇಳಲಿ.

ಅಲ್ಲಿಂದ ಭದ್ರಾವತಿಯ ಕಡೆಗೆ ತಿರುಗಿದ ಮೇಲೆ ದಾರಿ ಒಂದು ಉಪಕಾಲುವೆಯ ಏರಿ ಹಿಡಿಯುತ್ತದೆ. ನೀರು ನಿಲ್ಲಿಸಿದ್ದರು, ತಳದಲ್ಲಿ ಒದ್ದೆ ಹೂಳಿತ್ತು. ಏರಿಯ ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟೆ. ಅದು ವಾಪಸ್ ಬರಲಿಲ್ಲ. ಕೇಬಲ್ ಸಿಕ್ಕಿಕೊಂಡಿತ್ತು. ಬ್ರೇಕ್ ಒತ್ತಿದೆ, ಕ್ಲಚ್ ಹಿಡಿದೆ, ಇಂಜಿನ್ ಕಿರುಚಿಕೊಂಡಿತು. ಅಷ್ಟರಲ್ಲಿ ಮುಂದಿನ ಗಾಲಿ ಏರಿಯ ಅಂಚಿಗೆ ಹೋಗಿತ್ತು. ಟ್ರ್ಯಾಕ್ಟರ್ ಓಡಾಡಿ ಸಡಿಲವಾಗಿದ್ದ ಅಂಚು ನನ್ನನ್ನೂ ಬೈಕನ್ನೂ ಹೊತ್ತುಕೊಂಡೇ ಕಾಲುವೆಗೆ ಜಾರಿತು.

ಕಣ್ಣು ಬಿಟ್ಟಾಗ ಬೆನ್ನ ಕೆಳಗೆ ಹೂಳು, ಎಡಗಾಲಿನ ಮೇಲೆ ಬೈಕು. ಕಾಲು ಕಾಲುವೆಯ ಕಲ್ಲುಗೋಡೆಗೂ ಇಂಜಿನ್ನಿಗೂ ನಡುವೆ ಸಿಕ್ಕಿತ್ತು. ಇಂಜಿನ್ ನಿಂತಿರಲಿಲ್ಲ, ಹಿಂದಿನ ಗಾಲಿ ಗಾಳಿಯಲ್ಲಿ ಗಿರ್ರನೆ ತಿರುಗುತ್ತಿತ್ತು. ಕೀ ಇರುವ ಹೆಡ್‌ಲೈಟ್ ಪೂರ್ತಿ ಹೂಳಿನಲ್ಲಿ ಮುಳುಗಿತ್ತು, ಆಫ್ ಮಾಡುವಂತಿರಲಿಲ್ಲ. ಟ್ಯಾಂಕಿನಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಟ್ಯೂಬ್ ಸೀಳಿ ಪೆಟ್ರೋಲ್ ತೊಟ್ಟಿಕ್ಕಿ ನನ್ನ ತೊಡೆಯ ಮೇಲೆ ಬೀಳುತ್ತಿತ್ತು. ಪ್ಯಾಂಟು ಅದನ್ನು ಹೀರಿಕೊಂಡು ಮೊಣಕಾಲಿನವರೆಗೆ ತಣ್ಣಗಾಯಿತು. ಒಂದು ಗೇಣು ಆಚೆಗೆ ಕಾದ ಸೈಲೆನ್ಸರ್ ಪೈಪು. ಬೆಂಕಿಗೆ ಉರುವಲು, ಗಾಳಿ, ಶಾಖ ಮೂರೂ ಬೇಕೆಂದು ಬೋರ್ಡಿನ ಮೇಲೆ ತ್ರಿಕೋನ ಬರೆದು ಎಷ್ಟು ಸಲ ಕಲಿಸಿದ್ದೆನೋ. ಈಗ ಆ ತ್ರಿಕೋನದೊಳಗೆ ನಾನೇ ಮಲಗಿದ್ದೆ. ಅಷ್ಟು ಭಯ ನನಗೆ ಜೀವಮಾನದಲ್ಲಿ ಆಗಿರಲಿಲ್ಲ.

ಪಕ್ಕದ ಕಬ್ಬಿನ ಗದ್ದೆಯಿಂದ ನಾಲ್ಕೈದು ಜನ ಓಡಿ ಬಂದು ಏರಿಯ ಮೇಲೆ ನಿಂತರು.

“ಮುಟ್ಟಂಗಿಲ್ಲ ಮಾರಾಯ. ಹೊರಗಿನೋರು ಮುಟ್ಟಿದ್ರೆ ಅವರ್ನ ತೆಗ್ದಾಕ್ತಾರಂತೆ” ಎಂದ ಒಬ್ಬ.

“ತೆಗ್ದಾಕ್ಲಿ, ಬಂದು ಎಳ್ರಯ್ಯ” ಎಂದು ಕೂಗಿದೆ.

ಅವರು ಇಳಿಯಲು ಪಂಚೆ ಎತ್ತಿಕಟ್ಟಿದರು. ಅವರಲ್ಲೊಬ್ಬನ ಬಾಯಲ್ಲಿ ಹೊತ್ತಿದ ಬೀಡಿ ಇತ್ತು. ನನಗೆ ಅದು ಕಾಣಿಸುತ್ತಿತ್ತು, ನಾಲಿಗೆ ಮಾತ್ರ ಏಳಲಿಲ್ಲ. ಆಗ ಶೈಲಜಾಳ ಬೈಕಿನ ಸದ್ದು ಕೇಳಿತು, ದೂರದಲ್ಲೇ ನಿಂತೂ ಹೋಯಿತು.

“ಯಾರೂ ಇಳೀಬೇಡಿ. ಅಣ್ಣ, ಬೀಡಿ ತಗೊಂಡು ಆ ಗದ್ದೆ ಆಚೆ ಹೋಗಿ. ಇಲ್ಲಿ ಎಸೀಬೇಡಿ” ಎನ್ನುತ್ತ ಏರಿಯ ಮೇಲೆ ನಡೆದು ಬಂದಳು. ದನಿ ಏರಿಸಲಿಲ್ಲ, ಆದರೂ ಅವನು ಹೋದ.

ಆಮೇಲೆ ಅವಳು ಏರಿಯ ಮೇಲೆ ಸುಮ್ಮನೆ ನಿಂತಳು. ನನ್ನನ್ನು ನೋಡಲಿಲ್ಲ. ಗಾಲಿ ನೋಡಿದಳು, ಟ್ಯಾಂಕ್ ನೋಡಿದಳು, ಪೈಪು ನೋಡಿದಳು. ಅವಳು ಏನು ಮಾಡುತ್ತಿದ್ದಾಳೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಹಾಗೆ ನಿಂತು ನೋಡುವುದನ್ನು ಕಲಿಸಿದವನೇ ನಾನು. ಆದರೂ ಆ ಕ್ಷಣದಲ್ಲಿ ಅವಳ ಮೇಲೆ ನನಗೆ ಬಂದಂಥ ಸಿಟ್ಟು ಯಾರ ಮೇಲೂ ಬಂದಿಲ್ಲ.

“ಏನು ನೋಡ್ತಾ ನಿಂತಿದೀರಿ? ಎಳೀರಿ.”

“ಈಗಲೇ ಎಳೆಯೋದಿಲ್ಲ ಸಾರ್. ಮೊದಲು ಪೆಟ್ರೋಲ್ ಬಂದ್ ಮಾಡ್ತೀನಿ. ನಿಮ್ಮ ತಲೆ ಕಡೆಯಿಂದ ಇಳೀತಾ ಇದೀನಿ.”

ಇಳಿದಳು. ಟ್ಯಾಂಕಿನ ಕೆಳಗೆ ಕೈ ತೂರಿಸಿ ಪೆಟ್ರೋಲ್ ಕಾಕ್ ಹುಡುಕಿದಳು. “ಸಿಕ್ತು. ತಿರುಗ್ತಾ ಇಲ್ಲ, ಮಣ್ಣು ಕೂತಿದೆ. ಇನ್ನೊಂದ್ಸಲ ನೋಡ್ತೀನಿ.” ನಾನು ಹಲ್ಲು ಕಚ್ಚಿದೆ. “ತಿರುಗ್ತು ಸಾರ್. ಬಂದ್ ಆಯ್ತು.”

ಅಷ್ಟರಲ್ಲಿ ಗದ್ದೆಯವನೊಬ್ಬ ಇಳಿದು ಬಂದು ಪ್ಲಗ್ ವೈರ್ ಕೀಳಲು ಕೈ ಚಾಚಿದ. ಓಡುತ್ತಿರುವ ಹಳೆಯ ಬೈಕು ನಿಲ್ಲಿಸಲು ನಮ್ಮ ಕಡೆ ಎಲ್ಲರೂ ಮಾಡುವುದೇ ಅದು. “ಬೇಡ, ಅದು ಮುಟ್ಟಬೇಡಿ. ಕಿಡಿ ಹಾರುತ್ತೆ” ಎಂದು ಅವನ ಮಣಿಕಟ್ಟು ಹಿಡಿದಳು. ನನ್ನ ಜೀವ ಬಾಯಿಗೆ ಬಂದು ವಾಪಸ್ ಹೋಯಿತು.

“ನೀನೇನು ಮನುಷ್ಯಳಾ ಮಾರಾಯ್ತಿ? ಎಳಿ ಅಂದ್ರೆ” ಎಂದೆ. ಅಷ್ಟು ವರ್ಷ ಅವಳನ್ನು ಬಹುವಚನದಲ್ಲೇ ಮಾತಾಡಿಸಿದ್ದೆ.

“ಬೈರಿ ಸಾರ್. ಬೈತಾನೇ ಇರಿ. ಬೈತಿದ್ರೆ ಎಚ್ಚರ ಇದೀರಿ ಅಂತ ನನಗೆ ಗೊತ್ತಾಗುತ್ತೆ. ಈಗ ಇಂಜಿನ್ ಉಸಿರು ಕಟ್ಟಿಸ್ತೀನಿ. ಒಂದು ಸೈಲೆನ್ಸರ್ ಹೂಳಲ್ಲೇ ಇದೆ, ಇನ್ನೊಂದಕ್ಕೆ ಮಣ್ಣು ತುರುಕ್ತೀನಿ. ಸದ್ದು ಜೋರಾಗಬಹುದು, ಹೆದರಬೇಡಿ.”

ಬೊಗಸೆ ಬೊಗಸೆ ಹೂಳನ್ನು ಮೇಲಿನ ಸೈಲೆನ್ಸರಿನ ಬಾಯಿಗೆ ಮೆತ್ತಿ ಬೂಟುಗಾಲಿನಿಂದ ಒತ್ತಿ ಹಿಡಿದಳು. ಇಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಕಾಲುವೆಯಲ್ಲಿ ಒಮ್ಮೆಲೇ ಮೌನ. ನಾನು ಏದುಸಿರು ಬಿಡುತ್ತಿರುವುದು ನನಗೇ ಕೇಳಿಸಿತು.

“ಈಗ ಬಿಸಿ ಪೈಪಿಗೆ ಒದ್ದೆ ಮಣ್ಣು ಹಾಕ್ತೀನಿ. ಚುರ್ ಅನ್ನುತ್ತೆ. ಅದು ಬರೀ ಹಬೆ ಸಾರ್, ಬೆಂಕಿಯಲ್ಲ.” ಚುರ್ ಎಂದಿತು. ಅವಳು ಮೊದಲೇ ಹೇಳದೆ ಹೋಗಿದ್ದರೆ ಆ ಒಂದು ಸದ್ದಿಗೇ ನನ್ನ ಎದೆ ನಿಂತುಹೋಗುತ್ತಿತ್ತು. ಆಮೇಲೆ ಏರಿಯ ಕಡೆ ತಿರುಗಿ, “ಈಗ ಬನ್ರಣ್ಣ, ಎಲ್ಲಾ ಸೇರಿ ಎತ್ತಾಣ” ಎಂದಳು. ಬೈಕು ಮೇಲೆದ್ದಿತು. ಕಾಲಿನ ಮೂಳೆ ಎಲ್ಲಿ ಮುರಿದಿದೆ ಎಂಬುದು ಆಗ ನನಗೆ ಚೆನ್ನಾಗಿ ತಿಳಿಯಿತು.

ಆಂಬುಲೆನ್ಸ್ ಬರುವವರೆಗೆ ನನ್ನ ಪಕ್ಕದಲ್ಲೇ ಕೂತಿದ್ದು, ಆಮೇಲೆ ಅವಳು ಭದ್ರಾವತಿಯವರೆಗೆ ಸವಾರಿ ಮುಗಿಸಿದಳು. ನನ್ನನ್ನು ನಿಯಮದ ಪ್ರಕಾರ ಔಟ್ ಮಾಡಿದರು. ಸರಿಯಾಗಿಯೇ ಮಾಡಿದರು.

ಸಂಜೆ ಶಿವಮೊಗ್ಗದ ಆಸ್ಪತ್ರೆಗೆ ಬಂದಳು. ಕಾಲಿಗೆ ಪ್ಲಾಸ್ಟರ್ ಆಗಿತ್ತು. ಒಂದು ಮಾತು ಮಧ್ಯಾಹ್ನದಿಂದ ನನ್ನನ್ನು ಕೊರೆಯುತ್ತಿತ್ತು.

“ಕಾಕ್, ಇಂಜಿನ್, ಪೈಪು, ಇವೆಲ್ಲ ನಾನು ಕಲಿಸಿದ್ದು. ಮಾಡೋದನ್ನೆಲ್ಲ ಬಿದ್ದವನಿಗೆ ಹೇಳ್ತಾ ಮಾಡೋದನ್ನ ಎಲ್ಲಿ ಕಲಿತ್ರಿ? ಅದು ನಮ್ಮ ಮ್ಯಾನುಯಲ್‌ನಲ್ಲಿಲ್ಲ.”

ಅವಳು ಕುರ್ಚಿ ಎಳೆದುಕೊಂಡು ಕೂತಳು. “ನೀವು ಮಲಗಿಸ್ತಿದ್ದ ಬೊಂಬೆಗೆ ಕಿವಿ ಇರ್ಲಿಲ್ವಲ್ಲ ಸಾರ್, ಅದಕ್ಕೇ ನಿಮಗೆ ಹೊಳೀಲಿಲ್ಲ. ಮೊದಲ್ನೇ ದಿನ ನನ್ನನ್ನ ಹೆಣ ಅಂತ ಹೇಳಿ ಪಕ್ಕಕ್ಕೆ ನಿಲ್ಸಿದ್ರಿ. ಡ್ರಿಲ್ ಮುಗಿಯೋವರೆಗೂ ಒಬ್ಬರೂ ನನ್ನ ಜೊತೆ ಮಾತಾಡ್ಲಿಲ್ಲ. ಅಷ್ಟು ಹೊತ್ತು ಹೆಣವಾಗಿ ನಿಂತಾಗ ಗೊತ್ತಾಯ್ತು.”

ಕಣ್ಣಲ್ಲಿ ನೀರು ಬಂತು. ಔಷಧಿಯ ಘಾಟು ಎಂದೆ. ಅವಳು ನಂಬಿದಂತೆ ಮಾಡಿದಳು.

ಓಡಬೇಡ, ಮೊದಲು ಮೂಲ ಮುಚ್ಚು ಎನ್ನುವ ಪಾಠವನ್ನು ನಾನು ಇಂದಿಗೂ ಒಂದಕ್ಷರ ಬದಲಿಸುವುದಿಲ್ಲ. ಅದರಿಂದಲೇ ನಾನೂ ಆ ಗದ್ದೆಯವರೂ ಬದುಕಿದ್ದೇವೆ. ಆದರೆ ಮೇಲೆ ನಿಂತವನಿಗೆ ಎಚ್ಚರಿಕೆಯಾಗಿ ಕಾಣುವುದು ಕೆಳಗೆ ಬಿದ್ದವನಿಗೆ ಕೈಬಿಟ್ಟಂತೆ ಕಾಣುತ್ತದೆ. ನಡುವೆ ಒಂದು ದನಿ ಇರಲೇಬೇಕು. ಈಗಲೂ ವರ್ಷಕ್ಕೊಮ್ಮೆ ಫೌಂಡ್ರಿಯವರು ಮಾಕ್ ಡ್ರಿಲ್‌ಗೆ ನನ್ನನ್ನು ಕರೆಯುತ್ತಾರೆ. ನಾನು ಬೊಂಬೆಯನ್ನು ಸ್ಟೋರಿಗೆ ಕಳುಹಿಸಿ, ಗುಂಡಿಯ ಗಾಳಿ ಪರೀಕ್ಷೆಯಾದ ಮೇಲೆ ನಾನೇ ಇಳಿದು ಮಲಗುತ್ತೇನೆ. ಹೊಸಬರು ಓಡಿ ಬರುವುದಿಲ್ಲ. ವಾಲ್ವ್ ಮುಚ್ಚುತ್ತಾರೆ, ಮಾಸ್ಕ್ ಹಾಕುತ್ತಾರೆ, ಹಗ್ಗ ಕಟ್ಟುತ್ತಾರೆ, ಎಲ್ಲವೂ ಸರಿಯಾಗಿಯೇ ಇರುತ್ತದೆ. ಯಾರೂ ತುಟಿ ಬಿಚ್ಚದಿದ್ದರೆ ನಾನು ಕೆಳಗಿನಿಂದ ಬಾಯಿಗೆ ಬಂದಂತೆ ಬೈಯಲು ಶುರುಮಾಡುತ್ತೇನೆ. “ಕೇಳಿಸ್ತಿದೆ ಸಾರ್, ಬೈತಾ ಇರಿ, ಬರ್ತಾ ಇದೀವಿ” ಎಂದು ಮೇಲಿನಿಂದ ಯಾರಾದರೂ ಹೇಳುವವರೆಗೆ ನಾನು ಗುಂಡಿಯಿಂದ ಏಳುವುದಿಲ್ಲ.