ಕೆಂಪಿ ಒಪ್ಪದ ಎಣ್ಣೆ

ಆಗೆಲ್ಲ ನೋವಿಗೆ ಟ್ಯೂಬು ಎಂಬುದಿರಲಿಲ್ಲ, ವಾಸನೆ ಇತ್ತು. ಯಾರ ಮನೆಯಲ್ಲಿ ಯಾರಿಗೆ ಎಲ್ಲಿ ಹಿಡಿದುಕೊಂಡಿದೆ ಎಂಬುದು ಬೀದಿಯಲ್ಲಿ ಹೋಗುವವರ ಮೂಗಿಗೇ ತಿಳಿಯುತ್ತಿತ್ತು. ಲಕ್ಕಿ ಸೊಪ್ಪು ಕುದಿಯುತ್ತಿದ್ದರೆ ಸೊಂಟ. ಹರಳೆಣ್ಣೆಯಲ್ಲಿ ಎಕ್ಕದೆಲೆ ಬಾಡುತ್ತಿದ್ದರೆ ಮಂಡಿ. ನರಸೀಪುರದಿಂದ ಮೂಗೂರಿಗೆ ಹೋಗುವ ದಾರಿಯ ನಮ್ಮೂರಿನಲ್ಲಿ, ನನಗೆ ಒಂಬತ್ತು ವರ್ಷವಾಗಿದ್ದ ಚಳಿಗಾಲ, ಈ ಎಲ್ಲ ವಾಸನೆಗಳೂ ನಮ್ಮ ಮನೆಯೊಂದರಿಂದಲೇ ಬರುತ್ತಿದ್ದವು. ನೋವು ಮಾತ್ರ ಒಂದೇ. ಅವ್ವನ ಬಲಗೈ.

ಬೆಳಗಾದರೆ ಅವ್ವನ ಬೆರಳಿನ ಗೆಣ್ಣುಗಳು ಹಸಿಶುಂಠಿಯ ಹಾಗೆ ಊದಿರುತ್ತಿದ್ದವು. ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಮುದ್ದೆ ತಿರುವುವ ಕೆಲಸ ಅಜ್ಜಿಗೆ ಹೋಯಿತು, ನೀರು ಸೇದುವುದು ನನಗೆ ಬಂತು. ಹಾಲು ಕರೆಯುವುದು ಮಾತ್ರ ಯಾರಿಗೂ ವರ್ಗವಾಗಲಿಲ್ಲ, ನಮ್ಮ ಹಸು ಕೆಂಪಿ ಒಪ್ಪಲಿಲ್ಲ. ಅದರ ಕರು ಹುಟ್ಟಿದ ಎಂಟನೇ ದಿನಕ್ಕೇ ಸತ್ತಿತ್ತು. ಅಂದಿನಿಂದ ಅವ್ವನ ಕೈ ಬಿದ್ದರಷ್ಟೇ ಅದು ಹಾಲು ಇಳಿಸುತ್ತಿತ್ತು. ಅಪ್ಪ ಒಮ್ಮೆ ಅವ್ವನ ಸೀರೆಯನ್ನೇ ಹೊದ್ದು, ಸೆರಗನ್ನು ತಲೆ ಮೇಲೆಳೆದುಕೊಂಡು, ಬಹಳ ಗಂಭೀರವಾಗಿ ಕೂತು ನೋಡಿದ. ಕೆಂಪಿ ಹಿಂತಿರುಗಿ ಮೀಸೆಯನ್ನು ಪರಿಶೀಲಿಸಿ, ಒದೆಯಿತು.

"ಆಲು ಕಟ್ಕಂಡು ಕೆಚ್ಚಲು ಬಾತ್ರೆ ಅಸ ಕೈಬುಟ್ಟಂಗೆಯ," ಎಂದ ಅಪ್ಪ, ತೊಡೆ ನೀವಿಕೊಳ್ಳುತ್ತ. "ಇನ್ನೊಂದ್ ವಾರ ನೋಡ್ತೀನಿ ಕಣಮ್ಮಿ. ನಿನ್ ಕೈ ಸರಿವೋಗ್ನಿಲ್ಲ ಅಂದ್ರೆ ಬನ್ನೂರ್ ಕಡೆಯೋರ್ಗೆ ಕೊಟ್ಬುಡ್ತೀನಿ."

"ಕರಾನೂ ಓಯ್ತು. ನನ್ನೂ ಬುಟ್ಟು ಎಲ್ಲಿಗೋದದು ಅದು?" ಎಂದು ಅವ್ವ ಒಲೆಯನ್ನು ಕೇಳಿದಳು.

ಮನೆಯಲ್ಲಿ ಮಂತ್ರಿಮಂಡಲ ರಚನೆಯಾಯಿತು. ಆರೋಗ್ಯ ಅಜ್ಜಿಗೆ, ಸಾರಿಗೆ ಅಪ್ಪನಿಗೆ, ಉಜ್ಜುವ ಖಾತೆ ನನಗೆ. ಅಜ್ಜಿ ಎಕ್ಕದೆಲೆ ಬಿಸಿ ಮಾಡಿ ಕಟ್ಟಿದಳು. ಹುಣಿಸೆ ಸೊಪ್ಪು ಬೇಯಿಸಿ ಶಾಖ ಕೊಟ್ಟಳು. ಅವ್ವನ ಕೈ ವೀಳ್ಯದೆಲೆ ಕಟ್ಟಿನಂತೆ ಕಾಣುತ್ತಿತ್ತೇ ಹೊರತು ಮುಷ್ಟಿ ಕೂಡಲಿಲ್ಲ. ಆದರೂ ದಿನಕ್ಕೆರಡು ಸಲ ಕೆಂಪಿಯ ಪಕ್ಕ ಕೂತು, ಹಲ್ಲು ಕಚ್ಚಿಕೊಂಡು, ಎರಡೆರಡೇ ಬೆರಳಲ್ಲಿ ಕರೆಯುತ್ತಿದ್ದಳು. ಕೆಚ್ಚಲು ಪೂರ್ತಿ ಖಾಲಿಯಾಗುತ್ತಿರಲಿಲ್ಲ.

ನಾಲ್ಕನೆಯ ದಿನ ಅಪ್ಪ ನಂಜನಗೂಡಿಗೆ ಹೋಗಿ, ದೇವರಿಗೆ ಕೈ ಮುಗಿದು, ಬಸ್ ಸ್ಟಾಂಡಿನ ಹೊರಗೆ ಮರದಡಿ ಮೇಜು ಹಾಕಿಕೊಂಡಿದ್ದವನಿಂದ ಒಂದು ಬಾಟಲಿ ತಂದ. ಮೆಣಸಿನಕಾಯಿ, ಕರ್ಪೂರ, ನೀಲಗಿರಿ ಎಣ್ಣೆ, ಮತ್ತೆ ಏನೇನೋ.

"ಅಗ್ಗಕ್ ಅಚ್ಚುದ್ರೆ ಗಂಟೇ ಬುಟ್ಕಬೇಕು ಅಂದ ಆವಯ್ಯ," ಎಂದು, ಹಗ್ಗದ ಗಂಟನ್ನೂ ಬಿಡಿಸುವ ಎಣ್ಣೆಯ ವರದಿ ಒಪ್ಪಿಸಿದ.

ಬಿರಡೆ ತೆಗೆದ ಕೂಡಲೇ ಬೆಕ್ಕು ಮನೆ ಬಿಟ್ಟು ಹೋಯಿತು. ನಾನು ಕಣ್ಣು ಒರೆಸಿಕೊಳ್ಳುತ್ತ ಉಜ್ಜಿದೆ. "ಅಲ್ಲೇ ಕೂಸೇ, ಅಲ್ಲೇಯ, ಇನ್ನೊಸಿ ಒತ್ತು," ಎಂದು ಅವ್ವ ಕಣ್ಣು ಮುಚ್ಚಿದಳು. ಎಷ್ಟೋ ದಿನದ ಮೇಲೆ ಅವಳ ಹುಬ್ಬಿನ ಗಂಟು ಸಡಿಲವಾದದ್ದನ್ನು ಕಂಡೆ. ಹಿಡಿಯಿತು ಔಷಧಿ, ಅಂದುಕೊಂಡೆ. ಆದರೆ ಹಾಲು ಕರೆಯುವ ಹೊತ್ತಾದರೆ ಅವಳು ಸೀಗೆಪುಡಿ ಹಾಕಿ, ವಾಸನೆ ಹೋಗುವ ತನಕ ತಿಕ್ಕಿ ತಿಕ್ಕಿ ಕೈ ತೊಳೆದುಬಿಡುತ್ತಿದ್ದಳು.

"ಔಸ್ದಿ ಕೈಲಿದ್ದಷ್ಟೂ ವಾಸಿ ಕಣಮ್ಮಿ. ನೀನು ತೊಳ್ಕತಾ ಕೂತ್ರೆ ಎಂಗ್ ಇಡಿದದು?" ಎಂದಳು ಅಜ್ಜಿ.

"ಆಲ್ಗೆ ವಾಸ್ನೆ ಇಡೀತದೆ ಅತ್ತೆ. ಅದ್ಕೂ ಉರೀತದೆ, ಪಾಪ."

ನಾನು ಅಜ್ಜಿಯ ಮಾತನ್ನು ಮಾತ್ರ ಕೇಳಿಸಿಕೊಂಡೆ. ಅಪ್ಪ ಕೊಟ್ಟ ವಾಯಿದೆಗೆ ಎರಡೇ ದಿನ ಉಳಿದಿತ್ತು.

ಕೊಟ್ಟಿಗೆಯ ಗೋಡೆಗೂಡಿನಲ್ಲಿ ಒಂದು ಬಟ್ಟಲು ಹರಳೆಣ್ಣೆ ಇರುತ್ತಿತ್ತು. ಮೊಲೆ ಬಿರಿಯದಿರಲೆಂದು ಕರೆಯುವ ಮುಂಚೆ ಅವ್ವ ಅದನ್ನು ಬೆರಳಿಗೂ ಮೊಲೆಗೂ ಸವರಿಕೊಳ್ಳುತ್ತಿದ್ದಳು. ಆ ಸಂಜೆ ಹಾಲು ಕರೆದಾದ ಮೇಲೆ ಅರ್ಧ ಹರಳೆಣ್ಣೆ ಚೆಲ್ಲಿ, ನಂಜನಗೂಡಿನ ಎಣ್ಣೆಯನ್ನು ಬಟ್ಟಲ ಕಂಠದವರೆಗೆ ತುಂಬಿಸಿದೆ. ಹಾಲು ಕರೆದಷ್ಟು ಹೊತ್ತೂ ಔಷಧಿ ಬೆರಳಲ್ಲೇ ಇರುತ್ತದೆ, ಹಿಂಡುವುದೇ ಉಜ್ಜುವುದಾಗುತ್ತದೆ. ಉಜ್ಜುವ ಮಂತ್ರಿಯ ಪ್ರಥಮ ಸ್ವತಂತ್ರ ನಿರ್ಧಾರ ಅದು.

ಮರುದಿನ ಬೆಳಿಗ್ಗೆ ಅವ್ವನಿಗೆ ವಾಸನೆ ಗೊತ್ತಾಗಲಿಲ್ಲ. ಅವಳ ಸೀರೆ, ಕಂಬಳಿ, ತಲೆದಿಂಬು ಎಲ್ಲವೂ ಅದೇ ವಾಸನೆಯಾಗಿದ್ದವು. ಅವಳ ಮೂಗು ಆಗಲೇ ರಾಜೀನಾಮೆ ಕೊಟ್ಟಿತ್ತು. ಪಾತ್ರೆ ಅರ್ಧದಷ್ಟು ತುಂಬಿತು. ಆಮೇಲೆ ಕೆಂಪಿಯ ಮೈ ಒಮ್ಮೆ ಅದುರಿತು. "ಯಾಕವ್ವ? ಏನಾಯ್ತವ್ವ ನಿಂಗೆ?" ಎಂದು ಅವ್ವ ಸಮಾಧಾನಕ್ಕೆ ಅದೇ ಕೈಯಿಂದ ಕೆಚ್ಚಲು ಸವರಿದಳು.

ಕೆಂಪಿ ಅವ್ವನನ್ನು ಒದ್ದದ್ದು ಅದೇ ಮೊದಲು. ಪಾತ್ರೆ ಗೋಡೆಗೆ ಬಡಿಯಿತು, ಅವ್ವ ಸಗಣಿಗೆ ಬಿದ್ದಳು. ಕರು ಸತ್ತ ದಿನ ಕೂಗಿದ ಹಾಗೇ ಕೆಂಪಿ ಕೂಗಿತು.

ಅವ್ವ ಬೆರಳನ್ನು ಮೂಗಿನ ಹತ್ತಿರಕ್ಕೆ ಹಿಡಿದಳು. ಬಟ್ಟಲನ್ನು ನೋಡಿದಳು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದಳು. ಅಷ್ಟರಲ್ಲಿ ಅಪ್ಪ ಓಡಿ ಬಂದ.

"ಏನಾಯ್ತಮ್ಮಿ?"

"ಕೈ ತೊಳ್ಯದ ಮರ್ತ್ಬುಟ್ಟೆ," ಎಂದಳು ಅವ್ವ.

ತಳದಲ್ಲಿ ಉಳಿದ ಹಾಲನ್ನು ಅಪ್ಪ ಹಟ ಹಿಡಿದು ಡೇರಿಗೆ ಒಯ್ದ. ಟೆಸ್ಟರು ಮುಚ್ಚಳ ತೆಗೆದು ಮೂಸಿ, "ಏನ್ ಗೌಡ್ರೇ, ನಿಮ್ ಅಸೂಗೂ ಮಂಡಿನೋವಾ?" ಎಂದನಂತೆ. ಸಾಲಿನಲ್ಲಿದ್ದವರೆಲ್ಲ ನಕ್ಕರಂತೆ. ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ. ಅವ್ವ ಕೊಡಗಟ್ಟಲೆ ನೀರು ಹಾಕಿ ಕೆಚ್ಚಲು ತೊಳೆದಳು, ಮಜ್ಜಿಗೆ ಸುರಿದಳು. ಆದರೂ ಅವಳು ಕೊಟ್ಟಿಗೆಯ ಹೊಸಿಲು ತುಳಿದರೆ ಸಾಕು, ಕೆಂಪಿ ಹಗ್ಗ ಜಗ್ಗುತ್ತಿತ್ತು. ಕೆಚ್ಚಲು ಕಲ್ಲಾಗುತ್ತ ಬಂತು.

ಬನ್ನೂರಿನವರು ಬಂದ ದಿನ ಅವ್ವ ಸೀಗೆಪುಡಿಯಲ್ಲಿ ಮೂರು ಸಲ ಕೈ ತೊಳೆದು, ಕೆಂಪಿಯ ಮೂಗಿನ ಮುಂದೆ ಹಿಡಿದಳು. ಕೆಂಪಿ ಮೂಸಿತು. ಮುಖ ತಿರುಗಿಸಿತು. ಗೊತ್ತಿಲ್ಲದವರ ಹಿಂದೆ ಒಂದು ಚೂರೂ ಹಟ ಮಾಡದೆ ಹೋಯಿತು.

ಬಿಸಿಲು ಕಾಲ ಬಂದ ಮೇಲೆ ಅವ್ವನ ಊತ ತಾನಾಗಿಯೇ ಇಳಿಯಿತು. ಮುಷ್ಟಿ ಕೂಡಿತು, ಹಿಂಡಲು ಏನೂ ಇರಲಿಲ್ಲ. ಅವಳು ಮತ್ತೆ ಹಸು ಕಟ್ಟಲಿಲ್ಲ. ನಾನು ಮಾಡಿದ್ದನ್ನು ಅವಳು ಯಾರಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ನಾನಾದರೂ ಹೇಳಬಹುದಿತ್ತು. ಇಂದು ನಾಳೆ ಅನ್ನುವಷ್ಟರಲ್ಲಿ ಅವಳೂ ಹೋದಳು.

ಈಗ ನನ್ನ ಗೆಣ್ಣುಗಳೂ ಶುಂಠಿಯಾಗಿವೆ. ಟ್ಯೂಬು ತರುತ್ತೇನೆ. ಅದೇ ಮೆಣಸಿನಕಾಯಿ, ಅದೇ ನೀಲಗಿರಿ ಎಂದು ಬರೆದಿರುತ್ತದೆ. ವಾಸನೆ ಬರದ ಹಾಗೆ ಮಾಡಿದ್ದಾರಂತೆ. ಉಜ್ಜಲು ಇನ್ನೊಬ್ಬರು ಬೇಡ. ಬೀದಿಯಲ್ಲಿ ಹೋಗುವವರಿಗೆ ನನಗೆ ನೋವಿದೆ ಎಂದು ತಿಳಿಯುವುದೂ ಇಲ್ಲ. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಹಚ್ಚಿದ ನಂತರ ಕೈ ತೊಳೆದುಕೊಳ್ಳಿ.

ಓದಲು ಬಾರದ ಅವ್ವನಿಗೆ ಅದು ಗೊತ್ತಿತ್ತು. ಆ ಮನೆಯಲ್ಲಿ ಓದು ಬರುತ್ತಿದ್ದವಳು ನಾನೊಬ್ಬಳೇ.