ರಾಗಿ ಗುಡಾಣಕ್ಕೆ ಬಂದ ಜೇನು

ಮೇಲೂರಿನ ಆ ಮನೆಗೆ ಸೊಸೆಯಾಗಿ ಬಂದ ಮೇಲೆ ನಾನು ಮೊದಲು ಕಲಿತದ್ದು ಮನೆಯೊಳಗೆ ಒಗ್ಗರಣೆ ಹಾಕದಿರುವುದನ್ನು. ರೇಷ್ಮೆ ಹುಳ ಇದ್ದಷ್ಟು ದಿನವೂ ಹೊಗೆ ಕೂಡದು, ಘಾಟು ಕೂಡದು. ಅಡುಗೆಯನ್ನೇ ಹಿತ್ತಲ ಚಪ್ಪರಕ್ಕೆ ಸಾಗಿಸುತ್ತಿದ್ದೆವು. ಮಾವನವರು ಬೀಡಿ ಸೇದಿದರೆ ಬಾಯಿ ಮುಕ್ಕಳಿಸಿ, ಕೈ ತೊಳೆದು, ಆಮೇಲೂ ಸ್ವಲ್ಪ ಹೊತ್ತು ಜಗಲಿಯಲ್ಲೇ ಕೂತಿದ್ದು ಒಳಗೆ ಬರಬೇಕು. ನನ್ನ ತವರು ಕೆಂಚಾರ್ಲಹಳ್ಳಿಯಲ್ಲೂ ಹುಳ ಸಾಕುತ್ತಿದ್ದರು, ಆದರೆ ಅಲ್ಲಿ ಹುಳಕ್ಕೆ ಬೇರೆ ಕೊಟ್ಟಡಿ ಇತ್ತು. ಇಲ್ಲಿ ನಡುಮನೆಯೇ ಹುಳದ್ದು. ಉಳಿದ ಮೂಲೆಗಳಲ್ಲಿ ನಾವು.

ಹುಳಗಳು ಕೊನೆಯ ಜ್ವರ ಎದ್ದು ಮೇಯುತ್ತಿದ್ದ ಹೊತ್ತು. ಹುಳ ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆ ದಿನ ಹಿತ್ತಲ ಕಿಟಕಿಯಿಂದ ಜೇನಿನ ಒಂದು ದಂಡು ನಡುಮನೆಯ ಪಕ್ಕದ ಕೋಣೆಗೆ ನುಗ್ಗಿತು. ಕತ್ತಲಲ್ಲಿ, ಪೊಟರೆಯಲ್ಲಿ ಎರಿ ಕಟ್ಟುವ ಸಣ್ಣ ತುಡುವೆ ಜೇನು. ಕೋಣೆಯಲ್ಲಿ ರಾಗಿ ತುಂಬಿಡುವ ದೊಡ್ಡ ಮಣ್ಣಿನ ಗುಡಾಣ ಖಾಲಿಯಾಗಿತ್ತು, ಅದರ ಮುಚ್ಚಳದ ಅಂಚು ಒಡೆದಿತ್ತು. ಆ ಸಂದಿಯಿಂದ ಅವು ಒಂದರ ಹಿಂದೊಂದು ಇಳಿದವು. ನಾನು ಹಿಪ್ಪುನೇರಳೆ ಸೊಪ್ಪಿನ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಕೊನೆಯದು ಒಳಗೆ ಹೋದ ಮೇಲೆ ಮಾವನವರನ್ನು ಕೂಗಿದೆ.

ಮಾವನವರು ಬಂದು ನೋಡಿದರು. "ಒಂದು ಕುಳ್ಳಿನ ಹೊಗೆ ಹಾಕಿದ್ರೆ ತಾವೇ ಹೋಗ್ತವೆ."

"ಹಾಕಿ ಹಾಕಿ," ಎಂದರು ಅತ್ತೆ. "ಜೇನು ಹಾರ್ಕೊಂಡು ಹೋಗ್ತವೆ. ನಮ್ಮ ಹುಳ ಎಲ್ಲಿಗೆ ಹೋಗ್ತವೆ? ಅವಕ್ಕೇನು ರೆಕ್ಕೆ ಐತಾ?"

ಮಾವನವರು ನನ್ನ ಕಡೆ ತಿರುಗಿ, "ನಿಮ್ಮತ್ತೆಗೆ ಹೇಳಮ್ಮ, ರೇಷ್ಮೆ ಗೂಡು ಮಾರಿದ ಮಾರನೇ ದಿನ ನಾನು ಹೊಗೆ ಹಾಕೋನೇ. ಆಗ ಯಾರ ಮಾತೂ ಕೇಳಲ್ಲ," ಎಂದರು. ಅತ್ತೆ ಅಲ್ಲೇ ಎದುರಿಗೆ ನಿಂತಿದ್ದರು.

ಹೀಗೆ ಜೇನು ಉಳಿಯಿತು. ನಡುಮನೆಯಲ್ಲಿ ಹುಳ ಸೊಪ್ಪು ತಿನ್ನುವ ಸದ್ದು, ಪಕ್ಕದಲ್ಲಿ ಗುಡಾಣದ ಗುಂಯ್ ಎನ್ನುವ ಸದ್ದು. ಮುಟ್ಟಿದರೆ ಗುಡಾಣ ಬೆಚ್ಚಗಿರುತ್ತಿತ್ತು. ನನಗೆ ಒಂದೂ ಕಚ್ಚಲಿಲ್ಲ. ಮಾವನವರಿಗೆ ಒಂದು ಕಚ್ಚಿತು, ಅದೂ ಅವರು ಮುಚ್ಚಳ ಎತ್ತಿ ಇಣುಕಿದ್ದಕ್ಕೆ.

ಅದೇ ವಾರ ಮಲೇರಿಯಾದವರು ಬಂದರು. ಬೆನ್ನಿಗೆ ಪಂಪು ಕಟ್ಟಿಕೊಂಡು ಮನೆ ಮನೆಯ ಗೋಡೆಗೂ ಡಿ.ಡಿ.ಟಿ. ಹೊಡೆಯುವವರನ್ನು ನಾವು ಹಾಗೆ ಕರೆಯುತ್ತಿದ್ದೆವು. ಹುಳದ ಮನೆಗೆ ಅದು ತಾಕಿದರೆ ಬೆಳೆ ಹೋದಂತೆಯೇ. ಅತ್ತೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, "ಹುಳ ಐತೆ ಕಣಪ್ಪ," ಎಂದರು. ಅವರಲ್ಲೊಬ್ಬ ದಿಬ್ಬೂರಹಳ್ಳಿಯವನು, ತಾನೂ ಹುಳದ ಮನೆಯಲ್ಲಿ ಬೆಳೆದವನು. ಹೊಸ್ತಿಲು ಕೂಡ ಮೆಟ್ಟಲಿಲ್ಲ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, "ಹುಳ ಮುಗೀಲಿ, ಇನ್ನೊಂದ್ಸಲ ಬರ್ತೀವಮ್ಮ," ಎಂದು ಮುಂದಕ್ಕೆ ಹೋದ.

ಮಾರನೆಯ ಬೆಳಿಗ್ಗೆ ನೀರಿಗೆ ಹೊರಟೆ. ಹಿಂದಿನ ಬೀದಿಯ ಒಂದು ಮನೆಯ ಮಣ್ಣುಗೋಡೆಯ ತೂತಿನಲ್ಲಿ ಇಂಥದೇ ಜೇನು ಇತ್ತು. ಆ ಗೋಡೆಯ ಕೆಳಗೆ ನೆಲ ಕಂದು ಬಣ್ಣಕ್ಕೆ ತಿರುಗಿತ್ತು. ಮನೆಯಾಕೆ ಸತ್ತ ಜೇನುಗಳನ್ನು ಗುಡಿಸಿ ಮೊರಕ್ಕೆ ತುಂಬುತ್ತಿದ್ದಳು. ಕೆಲವು ಇನ್ನೂ ಸತ್ತಿರಲಿಲ್ಲ; ಮಗುಚಿ ಬಿದ್ದು ಒಂದೇ ಕಡೆಗೆ ಸುತ್ತುತ್ತಿದ್ದವು.

"ನಾನು ಈ ಮನೆಗೆ ಬಂದಾಗ್ಲಿಂದ ಇದ್ವು ಕಣಮ್ಮ," ಎಂದಳು ಆಕೆ. "ಮಕ್ಕಳು ಅಲ್ಲೇ ಆಡೋವು. ಒಂದು ದಿನಾನೂ ಕಚ್ಚಿರ್ಲಿಲ್ಲ."

ನಾನು ಬಿಂದಿಗೆ ತುಂಬಿಸದೆ ಮನೆಗೆ ಬಂದುಬಿಟ್ಟೆ. ಈಗಲೂ ಮೊರ ಕೇರುವ ಸದ್ದಿಗೆ ಒಮ್ಮೊಮ್ಮೆ ಆ ನೆಲ ಕಣ್ಣಿಗೆ ಬರುತ್ತದೆ. ಡಿ.ಡಿ.ಟಿ.ಯನ್ನು ದೂರಲು ಇದನ್ನು ಬರೆಯುತ್ತಿಲ್ಲ. ತವರಿನಲ್ಲಿ ವರ್ಷ ವರ್ಷವೂ ಚಳಿಜ್ವರಕ್ಕೆ ನಡುಗುತ್ತಿದ್ದ ನನ್ನ ತಮ್ಮ ಅದು ಬಂದ ಮೇಲೆ ನಡುಗುವುದನ್ನು ಬಿಟ್ಟ. ಎರಡನ್ನೂ ಕಂಡಿದ್ದೇನೆ, ಎರಡನ್ನೂ ಹೇಳಬೇಕು.

ಅತ್ತೆಗೆ ವಿಷಯ ಹೇಳಿದೆ. ಅವರು ಕೋಣೆಗೆ ಹೋಗಿ ಗುಡಾಣದ ಮೇಲೆ ಕೈಯಿಟ್ಟು ನೋಡಿ ಬಂದರು.

ಇನ್ನು ಕುಂಬಳದ ಮಾತು. ಅತ್ತೆ ಪ್ರತಿ ಮಳೆಗಾಲವೂ ಹಿತ್ತಲಲ್ಲಿ ಸಿಹಿಗುಂಬಳದ ಬಳ್ಳಿ ಹಬ್ಬಿಸುತ್ತಿದ್ದರಂತೆ. ಹೂವು ರಾಶಿ, ಆದರೆ ಪಿಂದೆಗಳು, ಎಂದರೆ ಹೀಚುಕಾಯಿಗಳು, ಗೋಲಿಯಷ್ಟಾಗಿ, ಹಳದಿಗೆ ತಿರುಗಿ ಉದುರುತ್ತಿದ್ದವು. ಪಕ್ಕದ ಮನೆಯಾಕೆಯ ಕಣ್ಣೇ ಕಾರಣವೆಂದು ತೀರ್ಮಾನಿಸಿ, ಬಳ್ಳಿಗೆ ಮಾವನವರ ಹಳೆಯ ಚಪ್ಪಲಿ ಕಟ್ಟಿದ್ದರು. ಪಕ್ಕದ ಮನೆಯಾಕೆಯೂ ತನ್ನ ಬಳ್ಳಿಗೆ ಒಂದು ಚಪ್ಪಲಿ ಕಟ್ಟಿದ್ದಳು, ನಮ್ಮತ್ತೆಯ ಕಣ್ಣಿಗೆಂದು.

ಆ ವರ್ಷ ನಾನು ಚಪ್ಪರದ ಒಲೆಯ ಮುಂದೆ ಕೂತು ಕಂಡದ್ದಿಷ್ಟು. ಬೆಳಿಗ್ಗೆ ಹೂವು ಅರಳಿದ ಕೂಡಲೇ ಗುಡಾಣದ ಜೇನುಗಳು ಕಿಟಕಿಯಿಂದ ಬರುತ್ತಿದ್ದವು. ಗಂಡು ಹೂವಿನೊಳಗೆ ಹೊರಳಾಡಿ, ಮೈಯೆಲ್ಲ ಅರಿಸಿನ ಬಳಿದಂತಾಗಿ, ಅದೇ ಮೈಯಲ್ಲಿ ಪಿಂದೆಯಿರುವ ಹೂವಿಗೆ ಹೋಗುತ್ತಿದ್ದವು. ಬಿಸಿಲೇರಿ ಹೂವು ಮುದುಡಿದರೆ ಆ ದಿನದ ಕೆಲಸ ಮುಗಿಯಿತು. ಆ ಪಿಂದೆಗಳು ಹಳದಿಯಾಗಲಿಲ್ಲ. ಒಂದು ನಿಂಬೆಯಷ್ಟಾಯಿತು, ಆಮೇಲೆ ತೆಂಗಿನಕಾಯಿಯಷ್ಟು. ಪಕ್ಕದ ಬಳ್ಳಿಯಲ್ಲೂ ಹಾಗೆಯೇ. ಅತ್ತೆ ಒಂದು ಸಂಜೆ ಸುಮ್ಮನೆ ಚಪ್ಪಲಿ ಬಿಚ್ಚಿದರು. ಮಾರನೇ ದಿನ ಬೇಲಿಯಾಚೆಯದೂ ಕಾಣಲಿಲ್ಲ.

ಗೂಡು ಶಿಡ್ಲಘಟ್ಟಕ್ಕೆ ಹೋಗಿ ಮಾರಾಟವಾಯಿತು. ಮಾರನೇ ದಿನ ಮಾವನವರು ಹೇಳಿದ ಮಾತಿನಂತೆ ಒಡಕು ಮಡಕೆಯಲ್ಲಿ ಕುಳ್ಳು ಹೊತ್ತಿಸಿಕೊಂಡು ಕೋಣೆಗೆ ಹೊರಟರು. ಅತ್ತೆ ಅಡ್ಡ ನಿಲ್ಲಲಿಲ್ಲ. "ಮೊದ್ಲು ಇಲ್ಲಿ ಬನ್ನಿ," ಎಂದು ಹಿತ್ತಲಿಗೆ ಕರೆದರು. ಎಲೆ ಸರಿಸಿ ಒಂದು ಕಾಯಿ ತೋರಿಸಿದರು, ಇನ್ನೊಂದು, ಮತ್ತೊಂದು.

"ಹೊಗೆ ಹಾಕಿ. ಆಮೇಲೆ ಚಪ್ಪಲಿ ಬಿಚ್ಚಿಕೊಡಿ, ಮತ್ತೆ ಕಟ್ತೀನಿ."

ಮಾವನವರು ಕಾಯಿಗಳನ್ನು ನೋಡಿದರು. ಮಡಕೆಯ ಕೆಂಡ ನೋಡಿದರು. ಕೊನೆಗೆ ಅದೇ ಕೆಂಡಕ್ಕೆ ಬೀಡಿ ಹಚ್ಚಿಕೊಂಡು, "ಹೋಗ್ಲಿ ಬಿಡು," ಎಂದು ಜಗಲಿಗೆ ಹೋದರು.

ಅಷ್ಟರಲ್ಲಿ ಬೀದಿಯ ಕೊನೆಯಲ್ಲಿ ಪಂಪಿನ ಸದ್ದು ಕೇಳಿಸಿತು. ಗುರುತು ಹಾಕಿದ್ದ ಮನೆಗಳಿಗೆ ಮಲೇರಿಯಾದವರು ಮತ್ತೆ ಬಂದಿದ್ದರು. ಹುಳ ಸಾಕುವ ನಮ್ಮ ಬಿದಿರು ತಟ್ಟೆಗಳು ಸಗಣಿ ಸಾರಿಸಿಕೊಂಡು ಬಿಸಿಲಲ್ಲಿ ಒಣಗುತ್ತಿದ್ದವು. ನನಗೆ ಆ ಮೊರ ನೆನಪಾಯಿತು. ಓಡಿದವರು ಮಾವನವರು. ತಟ್ಟೆಗಳನ್ನು ತಾವೇ ಎತ್ತಿ ತಂದು ನಡುಮನೆಯ ಅಟ್ಟಣೆಗೆ ಜೋಡಿಸಿದರು. ಹಸುವಿನ ಗೋದಲೆಗೆ ಹಾಕಿದ್ದ ಉಳಿದ ಸೊಪ್ಪನ್ನು ಕಿತ್ತು ತಂದು ಮೇಲೆ ಹರಡಿದರು. ಹಸು ಅವರನ್ನೇ ನೋಡುತ್ತಿತ್ತು.

ದಿಬ್ಬೂರಹಳ್ಳಿಯವನು ಬಾಗಿಲಲ್ಲಿ ನಿಂತ.

"ಹುಳ ಐತೆ," ಎಂದರು ಮಾವನವರು.

"ಗೂಡು ಮಾರಿ ಬಂದ್ರಂತಲ್ಲ ಯಜಮಾನ್ರೆ?"

"ಅದು ಆ ಬೆಳೆ. ಇದು ಮರಿ. ಜ್ವರಕ್ಕೆ ಕೂತವೆ. ಸೊಪ್ಪಿನಡಿ ಅವೆ, ಕಾಣಲ್ಲ."

ಅವನು ತಟ್ಟೆಗಳನ್ನು ನೋಡಲೇ ಇಲ್ಲ. ಮಾವನವರ ಕೈಯನ್ನು ನೋಡಿದ. ಬೀಡಿ ಇನ್ನೂ ಉರಿಯುತ್ತಿತ್ತು.

"ಹುಳದ ಮನೇಲಿ ಬೀಡಿನಾ ಯಜಮಾನ್ರೆ? ನಮ್ಮಪ್ಪ ಕಂಡಿದ್ರೆ ಕಂಬಕ್ಕೆ ಕಟ್ಟಾಕೋನು."

ಮಾವನವರು ಬೀಡಿಯನ್ನು ಬೆನ್ನ ಹಿಂದೆ ಹಿಡಿದರು. ಹೊಗೆ ಭುಜದ ಮೇಲಿಂದ ಬಂತು. ಆಗ ಕೋಣೆಯಿಂದ ಒಂದು ಜೇನು ಬಂದು ಅವನ ಪಂಪಿನ ಪಟ್ಟಿಯ ಮೇಲೆ ಕೂತಿತು. ಅವನು ಅದನ್ನು ನೋಡಿದ, ಕೋಣೆಯ ಸದ್ದಿಗೆ ಕಿವಿಗೊಟ್ಟ.

"ಓಹೋ. ನಿಮ್ಮ ಹುಳಕ್ಕೆ ರೆಕ್ಕೆ ಬಂದವೆ."

ಅತ್ತೆ ಮುಂದೆ ಬಂದರು. "ಸುಳ್ಳು ಹೇಳಿದ್ದು ತಪ್ಪೇ ಕಣಪ್ಪ. ಹಿಂದ್ಲ ಬೀದೀಲಿ ಸತ್ತಂಗೆ ಇವೂ ಸಾಯೋದು ಬೇಡ ಅಂತ. ಇವು ಬಂದ್ಮೇಲೇ ನನ್ನ ಬಳ್ಳೀಲಿ ಕಾಯಿ ನಿಂತಿದ್ದು. ಬಾ, ಬೇಕಾದ್ರೆ ನೋಡು."

ಅವನು ಹಿತ್ತಲಿಗೆ ಹೋಗಿ ನೋಡಿದ. "ಸೊಳ್ಳೆ ಇರೋದು ಕೊಟ್ಟಿಗೇಲಿ, ಬಚ್ಚಲಲ್ಲಿ. ಅಲ್ಲಿಗೆ ಹೊಡ್ದು ಹೋಗ್ತೀನಿ. ಕೋಣೆ ಕಿಟಕಿ ಮುಚ್ಚಿ, ಹಸು ಬಿಚ್ಚಿ," ಎಂದ. ನಾನು ಓಡಿ ಕಿಟಕಿಗೆ ಹಸಿ ಗೋಣಿ ಕಟ್ಟಿದೆ. ಆ ವರ್ಷ ನಮ್ಮಲ್ಲಿ ಯಾರಿಗೂ ಚಳಿಜ್ವರ ಬರಲಿಲ್ಲ. ಬಂದಿದ್ದರೆ ಇದನ್ನು ಇಷ್ಟು ನಗುತ್ತ ಬರೆಯುತ್ತಿರಲಿಲ್ಲ.

ಕಾಯಿ ಬಲಿತಾಗ ಅವನು ಪಂಪಿಲ್ಲದೆ, ಕೈಚೀಲ ಹಿಡಿದು ಬಂದ. ಅತ್ತೆ ಎಲ್ಲಕ್ಕಿಂತ ದೊಡ್ಡ ಕುಂಬಳ ಕೊಟ್ಟರು. ಅದು ಚೀಲಕ್ಕೆ ಹಿಡಿಸಲಿಲ್ಲ. "ಅದನ್ನೇ ಕೊಡಬೇಕಾಗಿತ್ತಾ?" ಎಂದು ಮಾವನವರು ಗೊಣಗಿದರು. ಅವನು ಕಾಯಿಯನ್ನು ಹೆಗಲಿಗೇರಿಸಿದ. ಹೊರಡುವ ಮುಂಚೆ ಕೋಣೆಗೆ ಹೋಗಿ, ಬಗ್ಗಿ, ಗುಡಾಣಕ್ಕೆ ಕಿವಿ ಹಚ್ಚಿದ.

"ಅವೆ," ಎಂದ.